ಆದಾಯ ನಾಲ್ಕು ಪಟ್ಟು, ಕೈಯಲ್ಲಿ ಉಳಿದದ್ದು ಮಾತ್ರ ಅಷ್ಟಕ್ಕಷ್ಟೇ: 24ರಿಂದ 46ರವರೆಗಿನ ಒಂದು ಮನೆಯ ಲೆಕ್ಕ

46 ವರ್ಷದ ಒಬ್ಬ ಮಹಿಳೆಗೆ ವಾರಕ್ಕೆ ಐದು ದಿನದ ಬದಲು ನಾಲ್ಕೇ ದಿನ ಕೆಲಸ ಮಾಡುವ ಆಸೆ. ಕೆಲಸ ಕೊಟ್ಟವರು ಒಪ್ಪಿದ್ದಾರೆ. ಆದರೆ ಸಂಬಳದಲ್ಲಿ ಐದನೇ ಒಂದು ಪಾಲು ಹೋಗುತ್ತದೆ. ಗಂಡನೂ ದುಡಿಯುತ್ತಾನೆ. ಇಬ್ಬರ ಆದಾಯ ಸೇರಿಸಿದರೆ ಆಕೆಯ ಮೊದಲ ಸಂಬಳದ ನಾಲ್ಕು ಪಟ್ಟಿಗಿಂತ ಜಾಸ್ತಿ. ಹೀಗಿದ್ದೂ ಆ ಒಂದು ದಿನದ ಬಿಡುವಿಗೆ ದುಡ್ಡು ಸಾಲುತ್ತಾ ಅಂತ ಇಬ್ಬರಿಗೂ ಅನುಮಾನ. ಇಪ್ಪತ್ತೆರಡು ವರ್ಷದಲ್ಲಿ ಬೆಳೆದ ಆದಾಯವೆಲ್ಲ ಹೋಯಿತೆಲ್ಲಿಗೆ?

ಇದು ಮಾದರಿ ಮನೆ, ಮೊದಲೇ ಹೇಳಿಬಿಡುತ್ತೇನೆ. ಎಷ್ಟೋ ಮನೆಗಳಲ್ಲಿ ಕಾಣುವ ಲೆಕ್ಕವನ್ನು ಒಂದೇ ಮನೆಗೆ ತಂದು ಕೂರಿಸಿದ್ದೇನೆ. ಯಾವ ದೇಶದ ನಾಣ್ಯವನ್ನೂ ಬಳಸಿಲ್ಲ. 24ನೇ ವಯಸ್ಸಿನಲ್ಲಿ ಆಕೆಯ ಕೈಗೆ ಬಂದ ತಿಂಗಳ ಸಂಬಳವನ್ನು 100 ಅಂತ ಇಟ್ಟುಕೊಂಡಿದ್ದೇನೆ. ಮುಂದೆ ಬರುವ ಅಂಕಿಗಳೆಲ್ಲ ಬೆಲೆ ಏರಿಕೆಯನ್ನು ಕಳೆದ ಮೇಲಿನವು. 200 ಅಂದರೆ ನಿಜಕ್ಕೂ ಎರಡರಷ್ಟು ಸಾಮಾನು ಬರುತ್ತದೆ ಅಂತ ಅರ್ಥ. ಈ ಕಳೆಯುವ ಕೆಲಸ ಮಾಡದೆ ಆಗಿನ ಸಂಬಳ, ಈಗಿನ ಸಂಬಳ ಅಂತ ಹೋಲಿಸುವುದೆಲ್ಲ ಸುಮ್ನೆ ಹರಟೆ.

ಖರ್ಚನ್ನು ಎರಡು ಪಾಲು ಮಾಡಿದ್ದೇನೆ. ತಿಂಗಳು ಹುಟ್ಟುವ ಮೊದಲೇ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗಿರುವ ದುಡ್ಡು ಒಂದು ಪಾಲು. ಬಾಡಿಗೆ, ಕಂತು, ಶಾಲೆ, ಊಟ, ಬಿಲ್ಲು ಎಲ್ಲ ಇದರಲ್ಲೇ ಬರುತ್ತವೆ. ಇದನ್ನು ಮಾತು ಕೊಟ್ಟ ದುಡ್ಡು ಅನ್ನೋಣ. ಇದೆಲ್ಲ ಕಳೆದು, ಈ ತಿಂಗಳು ಏನು ಮಾಡಲಿ ಅಂತ ಕೂತು ಯೋಚಿಸಬಹುದಾದದ್ದು ಇನ್ನೊಂದು ಪಾಲು.

ಇಪ್ಪತ್ತರ ಹರೆಯ

24ರಲ್ಲಿ ಬಾಡಿಗೆಗೆ 28, ಊಟಕ್ಕೆ 22, ಓಡಾಟಕ್ಕೆ 7, ಬಿಲ್ಲುಗಳಿಗೆ 5, ಅಪ್ಪ ಅಮ್ಮನಿಗೆ 8. ಒಟ್ಟು 70. ಕೈಯಲ್ಲಿ ಉಳಿಯುವುದು 30. ಮೂವರು ಗೆಳತಿಯರು ಹಂಚಿಕೊಂಡ ಮನೆ. ಕೂರಲು ಹಳೇ ಕುರ್ಚಿ, ಅದರ ಒಂದು ಗಾಲಿ ತಿರುಗುವುದಿಲ್ಲ. ಮಲಗಲು ನೆಲದ ಮೇಲೆ ಹಾಸಿದ ತೆಳ್ಳನೆ ಹಾಸಿಗೆ. ಹೆಡ್‌ಫೋನ್ ಮಾತ್ರ ಅಂಗಡಿಯಲ್ಲಿದ್ದವುಗಳ ಪೈಕಿ ಒಳ್ಳೆಯದು. ಫೋನ್ ಕೂಡ ಈ 30ರಿಂದಲೇ ತಂದದ್ದು.

ಈ ವಯಸ್ಸಿನ ಖರೀದಿಗೆ ಒಂದು ಲಕ್ಷಣ ಇದೆ. ಬಹುಪಾಲು ಸಾಮಾನು ಮೈಮೇಲೆ ಇರುವಂಥದ್ದು, ಇಲ್ಲಾ ಕೈಯಲ್ಲಿ ಹಿಡಿಯುವಂಥದ್ದು. ಬಟ್ಟೆ, ಶೂ, ಬ್ಯಾಗು, ಫೋನು. ನಾಲ್ಕು ಜನ ನೋಡುವಂಥವು ಮತ್ತು ಮನೆ ಬದಲಿಸುವಾಗ ಎತ್ತಿಕೊಂಡು ಹೋಗಬಹುದಾದವು. ಮನೆಯೇ ತನ್ನದಲ್ಲದಾಗ ಮಂಚಕ್ಕೆ ದುಡ್ಡು ಯಾರು ಹಾಕುತ್ತಾರೆ? ಇದನ್ನು ಹುಡುಗಾಟ ಅಂತ ಬೈಯುವವರಿದ್ದಾರೆ. ನನಗೇನೋ ಲೆಕ್ಕ ಸರಿಯಾಗಿಯೇ ಇದೆ ಅನಿಸುತ್ತದೆ.

29ರಲ್ಲಿ ಮದುವೆ ಆಗಿದೆ, ಮಕ್ಕಳಿಲ್ಲ. ಆಕೆಗೆ 130, ಗಂಡನಿಗೆ 120, ಒಟ್ಟು 250. ಬಾಡಿಗೆ 50, ಊಟ 38, ಓಡಾಟ 20, ಬಿಲ್ಲು 12, ಎರಡೂ ಕಡೆಯ ಹಿರಿಯರಿಗೆ 20. ಇವೆಲ್ಲ ಸೇರಿ 140. ಉಳಿಯುವುದು 110! ಇಡೀ ಪ್ರಕರಣದಲ್ಲಿ ಇಷ್ಟು ದುಡ್ಡು ಕೈಯಲ್ಲಿ ಆಡಿದ ಕಾಲ ಇನ್ನೊಂದಿಲ್ಲ. ಆದಾಯ ಎರಡೂವರೆ ಪಟ್ಟಾದರೂ ಬಾಡಿಗೆ ಅಷ್ಟು ಏರಲಿಲ್ಲ. ಇಬ್ಬರಿಗೂ ಒಂದೇ ಅಡುಗೆಮನೆ, ಒಂದೇ ಇಂಟರ್‌ನೆಟ್, ಒಂದೇ ಫ್ರಿಜ್ಜು.

ಆ 110ರಲ್ಲಿ 25 ಉಳಿತಾಯಕ್ಕೆ ಹೋಯಿತು. ಮಿಕ್ಕದ್ದರಲ್ಲಿ ಪ್ರವಾಸ, ಕ್ಯಾಮೆರಾ, ದೊಡ್ಡ ಟಿವಿ. ಜೊತೆಗೊಂದು ಸೋಫಾ. ಬಾಗಿಲಲ್ಲಿ ತೂರದೆ ಕಾಲು ಬಿಚ್ಚಿ ಒಳಗೆ ತಂದದ್ದು. ಆಮೇಲೆ ಬದಲಿಸಿದ ಮನೆಗಳಲ್ಲೆಲ್ಲ ಅದರ ಕಾಲು ಬಿಚ್ಚಿದ್ದಾರೆ, ಮತ್ತೆ ಜೋಡಿಸಿದ್ದಾರೆ.

36: ಎಲ್ಲಕ್ಕಿಂತ ಬಿಗಿಯಾದ ವರ್ಷ

32ರಲ್ಲಿ ಮೊದಲ ಮಗು, 35ರಲ್ಲಿ ಎರಡನೆಯದು. 36ರಲ್ಲಿ ಸಾಲ ಮಾಡಿ ಸ್ವಂತ ಮನೆ. ಗಂಡನ ಸಂಬಳ 170, ಆಕೆಯದು 130. ಎರಡು ಹೆರಿಗೆ, ರಜೆ, ಅರ್ಧ ದಿನದ ಕೆಲಸ ಎಲ್ಲ ಸೇರಿ ಆಕೆಯ ಸಂಬಳ 29ರಲ್ಲಿ ಇದ್ದಲ್ಲೇ ನಿಂತಿತ್ತು. ಒಟ್ಟು 300.

ಹೋಗುವುದನ್ನು ನೋಡಿ. ಮನೆ ಕಂತು 95, ಊಟ ಮತ್ತು ದಿನಸಿ 60, ಮಕ್ಕಳನ್ನು ನೋಡಿಕೊಳ್ಳುವವರಿಗೆ ಮತ್ತು ಶಾಲೆಗೆ 55, ಗಾಡಿಗೆ 30, ಬಿಲ್ಲು 18, ವಿಮೆ 10, ಹಿರಿಯರಿಗೆ 17. ಒಟ್ಟು 285. ಉಳಿದದ್ದು 15. ಒಬ್ಬಳೇ ಇದ್ದಾಗ ಉಳಿಯುತ್ತಿದ್ದದ್ದರ ಅರ್ಧ, ಅದೂ ನಾಲ್ಕು ಜನಕ್ಕೆ.

ಈ ಹಂತದ ಖರೀದಿ ಹೇಗಿರುತ್ತದೆ ಅನ್ನೋದಕ್ಕೆ ಬಟ್ಟೆ ಒಗೆಯುವ ಯಂತ್ರದ ಕಥೆ ಸಾಕು. ಒಂದು ಸಂಜೆ ನೀರು ತುಂಬಿಕೊಂಡೇ ನಿಂತುಹೋಯಿತು. ಒಳಗೆ ಮಗುವಿನ ಬಟ್ಟೆ. ಗಂಡ ಬಕೆಟ್ ಹಿಡಿದು ನೀರು ಹೊರಹಾಕುತ್ತಿದ್ದಾನೆ. ಆಕೆ ಒಂದು ತೋಳಲ್ಲಿ ಮಗು ಎತ್ತಿಕೊಂಡು ಫೋನಿನಲ್ಲಿ ಹೊಸ ಯಂತ್ರ ಹುಡುಕುತ್ತಿದ್ದಾಳೆ. "ಯಾವುದ್ರೀ ತಗೊಳ್ಳೋದು?" ಅಂದಳು. "ನಾಳೆ ಯಾವುದು ಬರುತ್ತೋ ಅದು" ಅಂದ ಗಂಡ. ಬೆಲೆ, ವಿದ್ಯುತ್ ಖರ್ಚು, ಬಾಳಿಕೆ ಯಾವುದನ್ನೂ ನೋಡಲಿಲ್ಲ. ಹೆಡ್‌ಫೋನ್ ಕೊಳ್ಳುವ ಮೊದಲು ವಾರಗಟ್ಟಲೆ ವಿಮರ್ಶೆ ಓದಿದ್ದವಳು ಅದರ ಎಷ್ಟೋ ಪಟ್ಟು ಬೆಲೆಯ ಯಂತ್ರವನ್ನು ಹತ್ತು ನಿಮಿಷದಲ್ಲಿ ಕೊಂಡಳು.

ಇದು ಬೇಜವಾಬ್ದಾರಿ ಅಲ್ಲ, ಪುರುಸೊತ್ತಿಲ್ಲದವರ ಖರೀದಿ. ಅರ್ಥಶಾಸ್ತ್ರಜ್ಞರಾದ ಮಾರ್ಕ್ ಅಗಿಯಾರ್ ಮತ್ತು ಎರಿಕ್ ಹರ್ಸ್ಟ್ 2007ರಲ್ಲಿ ಅಮೆರಿಕದ ಮನೆಗಳ ಖರೀದಿ ದಾಖಲೆಗಳನ್ನು ನೋಡಿ ಇದನ್ನೇ ತೋರಿಸಿದರು. ಅದೇ ಸಾಮಾನಿಗೆ ನಡುವಯಸ್ಸಿನವರು ವಯಸ್ಸಾದವರಿಗಿಂತ ಜಾಸ್ತಿ ಬೆಲೆ ಕೊಡುತ್ತಾರೆ. ನಾಲ್ಕು ಅಂಗಡಿ ಸುತ್ತಲು, ರಿಯಾಯಿತಿಗೆ ಕಾಯಲು ಅವರಿಗೆ ಹೊತ್ತಿಲ್ಲ. ಅಂದಮೇಲೆ ಖರ್ಚು ಏರಿತು ಅಂದ ಮಾತ್ರಕ್ಕೆ ಅನುಭೋಗವೂ, ಅಂದರೆ ನಿಜಕ್ಕೂ ಬಳಸಿದ ಸಾಮಾನೂ, ಅಷ್ಟೇ ಏರಿತು ಅಂತ ಹೇಳಲು ಬರುವುದಿಲ್ಲ. ಸ್ವಲ್ಪ ದುಡ್ಡು ಹೊತ್ತು ಇಲ್ಲದ್ದಕ್ಕೆ ತೆತ್ತ ದಂಡ.

ಹೀಗೆ ಮಕ್ಕಳು ಚಿಕ್ಕವರಿದ್ದಾಗ ಕೈ ಬಿಗಿಯಾಗುವುದು ಹೊಸದೇನಲ್ಲ. ಸೀಬೋಮ್ ರೌಂಟ್ರೀ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಕೂಲಿಕಾರರ ಮನೆಮನೆಯ ಲೆಕ್ಕ ತೆಗೆಸಿ 1901ರಲ್ಲಿ ಪ್ರಕಟಿಸಿದ. ಅವನ ಪ್ರಕಾರ ಕೂಲಿಕಾರನ ಬದುಕಲ್ಲಿ ಕೊರತೆ ಮೂರು ಸಲ ಬರುತ್ತದೆ: ಬಾಲ್ಯದಲ್ಲಿ, ತನ್ನ ಮಕ್ಕಳು ಚಿಕ್ಕವರಿದ್ದಾಗ, ಮುಪ್ಪಿನಲ್ಲಿ. ನಡುವೆ ಎರಡು ಸಲ ಉಸಿರಾಡಲು ಜಾಗ ಸಿಗುತ್ತದೆ: ದುಡಿಯಲು ಶುರುಮಾಡಿ ಮಕ್ಕಳು ಇನ್ನೂ ಆಗದಿದ್ದಾಗ, ಮತ್ತು ಮಕ್ಕಳು ದುಡಿಯತೊಡಗಿದಾಗ. ನಮ್ಮ ಮನೆ ಆ ಕಡುಬಡವರ ಮನೆ ಅಲ್ಲ, ಹೋಲಿಕೆಯನ್ನು ತುಂಬಾ ಎಳೆಯುವುದು ಬೇಡ. ಆದರೂ 110ರಿಂದ 15ಕ್ಕೆ ಇಳಿದ ಆ ಗೆರೆಯ ಆಕಾರ ಅದೇ.

ಅಳತೆಗೋಲು ಯಾವುದು?

ಇಲ್ಲಿ ಒಂದು ಜಗಳ ಇದೆ, ನನಗೆ ತುಂಬಾ ಇಷ್ಟವಾದದ್ದು. 36ರಲ್ಲಿ ಈ ಮನೆಯವರು 24ಕ್ಕಿಂತ ಚೆನ್ನಾಗಿದ್ದಾರಾ, ಇಲ್ವಾ?

ಮೊದಲು ಒಇಸಿಡಿ ಹೆಸರಲ್ಲಿ ಕರೆಯುವ ಅಳತೆ. ಒಇಸಿಡಿ ಅಂದರೆ ಹೆಚ್ಚಾಗಿ ಶ್ರೀಮಂತ ದೇಶಗಳ ಒಂದು ಆರ್ಥಿಕ ಸಂಘಟನೆ. ಮನೆಯ ಮೊದಲ ದೊಡ್ಡವರಿಗೆ 1, ಆಮೇಲಿನ ಪ್ರತಿಯೊಬ್ಬ ದೊಡ್ಡವರಿಗೆ 0.5, 14ರೊಳಗಿನ ಮಗುವಿಗೆ 0.3. ಎಲ್ಲ ಕೂಡಿಸಿ ಆದಾಯವನ್ನು ಅದರಿಂದ ಭಾಗಿಸಬೇಕು. 36ರಲ್ಲಿ ಅದು 2.1. 300ನ್ನು ಭಾಗಿಸಿದರೆ 143. 29ರಲ್ಲಿ 167 ಇತ್ತು. 46ರಲ್ಲಿ ದೊಡ್ಡ ಮಗನಿಗೆ 14 ಆಗಿದ್ದರಿಂದ ಭಾಜಕ 2.3, ಆದಾಯ 420, ಬರುವುದು 183. ಈ ಲೆಕ್ಕದಲ್ಲಿ 36 ಒಂದು ಸಣ್ಣ ತಗ್ಗು, ಅಷ್ಟೇ. 24ರ 100ಕ್ಕಿಂತ ಎಷ್ಟೋ ಮೇಲೆ.

ಇನ್ನೊಂದು ಅಳತೆ ಹಳೆಯದು. ಬೆಲ್ಜಿಯಂನ ಕಾರ್ಮಿಕ ಮನೆಗಳ ಖರ್ಚು ನೋಡಿ ಜರ್ಮನ್ ಸಂಖ್ಯಾಶಾಸ್ತ್ರಜ್ಞ ಅರ್ನ್‌ಸ್ಟ್ ಎಂಗೆಲ್ 1857ರಲ್ಲಿ ಹೇಳಿದ್ದು: ಮನೆ ಬಡವಾದಷ್ಟೂ ಖರ್ಚಿನಲ್ಲಿ ಊಟದ ಪಾಲು ದೊಡ್ಡದು. ಇಲ್ಲಿ ಆದಾಯದಲ್ಲಿ ಊಟದ ಪಾಲು 24ರಲ್ಲಿ ನೂರಕ್ಕೆ 22, 29ರಲ್ಲಿ 15, 36ರಲ್ಲಿ 20, 46ರಲ್ಲಿ 18. ಅಂದರೆ ಎಂಗೆಲ್ ಕಣ್ಣಲ್ಲಿ 36ರ ದಂಪತಿ, ಗಾಲಿ ತಿರುಗದ ಕುರ್ಚಿಯ ಆ ಹುಡುಗಿಗಿಂತ ಸ್ವಲ್ಪವೇ ಮೇಲಿದ್ದಾರೆ. ಈ ಅಳತೆ ಮಕ್ಕಳ ಖರ್ಚನ್ನು ಹಿಗ್ಗಿಸಿ ತೋರಿಸುತ್ತದೆ ಅನ್ನೋ ಆಕ್ಷೇಪ ಇದೆ, ಅದು ಸರಿಯಾದ ಆಕ್ಷೇಪವೇ. ಆದರೂ "ಇಷ್ಟು ದುಡಿದರೂ ಏನೂ ಇಲ್ವಲ್ಲ" ಅಂತ ಆಕೆ ಗೊಣಗುತ್ತಿದ್ದ ಮಾತಿಗೆ ಹತ್ತಿರ ಬರುವುದು ಎಂಗೆಲ್ ಲೆಕ್ಕ. ಒಇಸಿಡಿ ಲೆಕ್ಕ ಆದಾಯವನ್ನಷ್ಟೇ ಹಂಚುತ್ತದೆ. ಆ ಆದಾಯದ ಎಷ್ಟು ಭಾಗ ಆಗಲೇ ಬೇರೆಯವರ ಪಾಲಾಗಿದೆ ಅಂತ ಅದು ಕೇಳುವುದೇ ಇಲ್ಲ.

46ರ ಪಟ್ಟಿ

ಈಗ 46. ಆಕೆಗೆ 200, ಗಂಡನಿಗೆ 220. ಮಾತು ಕೊಟ್ಟ ದುಡ್ಡು: ಮನೆ ಕಂತು 58, ಊಟ 75, ಮಕ್ಕಳ ಓದು 95, ಗಾಡಿ 28, ಬಿಲ್ಲು 24, ವಿಮೆ 20, ಹಿರಿಯರ ಆರೈಕೆ ಮತ್ತು ಔಷಧಿ 45, ನಿವೃತ್ತಿಗೆ 35. ಒಟ್ಟು 380. ಉಳಿದದ್ದು 40. ಸಮವಾಗಿ ಹಂಚಿದರೆ ಆಕೆಯ ಪಾಲು 20. ಒಬ್ಬಳೇ ಇದ್ದಾಗ 30 ಇತ್ತು.

ಕಂತು 95 ಇದ್ದದ್ದು 58 ಹೇಗಾಯಿತು? ಬ್ಯಾಂಕು ಒಂದು ಪೈಸೆ ಬಿಟ್ಟಿಲ್ಲ. ಕಂತಿನ ಅಂಕಿ ಹತ್ತು ವರ್ಷದಿಂದ ಅದೇ ಇದೆ. ಬೆಲೆಗಳು ವರ್ಷಕ್ಕೆ ನೂರಕ್ಕೆ 5ರಂತೆ ಏರಿದವು ಅಂದುಕೊಂಡರೆ, ಅದೇ ಅಂಕಿಯ ನಿಜವಾದ ಭಾರ ಹತ್ತು ವರ್ಷದಲ್ಲಿ 58ಕ್ಕೆ ಇಳಿಯುತ್ತದೆ. ಬೆಲೆ ಏರಿಕೆ ಸಾಲಗಾರನಿಗೆ ಮಾಡುವ ಉಪಕಾರ ಇದು. ಬಡ್ಡಿ ದರ ಬದಲಾಗದೆ ಇದ್ದರೆ ಮಾತ್ರ. ಅಸಲಿನ ವಿಷಯ ಮಾತ್ರ ಅಷ್ಟು ಖುಷಿಯದ್ದಲ್ಲ. 8.5 ಬಡ್ಡಿಯ 20 ವರ್ಷದ ಸಾಲದಲ್ಲಿ ಮೊದಲ ಕಂತಿನ ನೂರಕ್ಕೆ 82 ಭಾಗ ಬಡ್ಡಿಯೇ. ಅರ್ಧ ದಾರಿ ಬಂದರೂ, ಅಂದರೆ ಹತ್ತು ವರ್ಷ ಕಟ್ಟಿದರೂ, ಅಸಲಿನ ನೂರಕ್ಕೆ 70 ಹಾಗೇ ಇರುತ್ತದೆ.

ಹತ್ತು ವರ್ಷದಲ್ಲಿ ಆದಾಯ 120 ಏರಿತು. ಕಂತಿನಿಂದ 37 ಸಡಿಲವಾಯಿತು, ಗಾಡಿಯಿಂದ 2. ಒಟ್ಟು 159 ಹೊಸದಾಗಿ ಬಂತು. ಕೈಗೆ ದಕ್ಕಿದ್ದು 25 ಮಾತ್ರ. ಮಕ್ಕಳ ಓದು 40 ತಿಂದಿತು. ಕಂತು ಬಿಟ್ಟುಕೊಟ್ಟ 37 ಹೆಚ್ಚುಕಡಿಮೆ ಪೂರ್ತಿ ಅಲ್ಲೇ ಹೋಯಿತು ಅನ್ನಬಹುದು, ಯಾರೂ ಕೂತು ಹಾಗೆ ತೀರ್ಮಾನ ಮಾಡಲಿಲ್ಲ. ನಿವೃತ್ತಿಗೆ 35, ಹಿರಿಯರಿಗೆ 28, ಊಟಕ್ಕೆ 15, ವಿಮೆಗೆ 10, ಬಿಲ್ಲುಗಳಿಗೆ 6.

ಇದರಲ್ಲಿ ಹಿರಿಯರ ಔಷಧಿಯನ್ನು ಯಾರೂ ಪ್ರಶ್ನಿಸುವಂತಿಲ್ಲ. ಓದಿನ ಖರ್ಚನ್ನು ಪ್ರಶ್ನಿಸಬಹುದು, ಅರ್ಧವನ್ನಾದರೂ. ದೊಡ್ಡವನಿಗೆ ಶಾಲೆಯ ಹೊರಗೆ ಎರಡು ವಿಶೇಷ ತರಗತಿ. ಅವನ ಸಹಪಾಠಿಗಳೆಲ್ಲ ಹೋಗುತ್ತಾರೆ, ಅದಕ್ಕೇ ಇವನೂ. ಅರ್ಥಶಾಸ್ತ್ರಜ್ಞ ಜೇಮ್ಸ್ ಡ್ಯೂಸೆನ್‌ಬೆರಿ 1949ರಲ್ಲಿ ಹೇಳಿದ್ದು ಇಂಥದ್ದನ್ನೇ: ನಮ್ಮ ಖರ್ಚು ನಮ್ಮ ಆದಾಯದ ಮೇಲೆ ಮಾತ್ರ ನಿಂತಿಲ್ಲ, ಸುತ್ತಲಿನವರು ಹೇಗೆ ಬದುಕುತ್ತಾರೆ ಅನ್ನೋದರ ಮೇಲೂ ನಿಂತಿದೆ. ಒಮ್ಮೆ ಏರಿದ ಖರ್ಚು ಆದಾಯ ಇಳಿದಾಗ ಅಷ್ಟೇ ಸಲೀಸಾಗಿ ಇಳಿಯುವುದೂ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಹಾಸಿಗೆ ಬೆಳೆದಂತೆ ಕಾಲೂ ಬೆಳೆದರೆ ಏನು ಮಾಡಬೇಕು ಅಂತ ಆ ಗಾದೆ ಹೇಳಿಲ್ಲ.

ಖರೀದಿಯ ರೀತಿ ಮತ್ತೆ ಬದಲಾಗಿದೆ. ಹೋದ ವರ್ಷ ಆಕೆ ತನಗಾಗಿ ಕೊಂಡ ಒಂದೇ ದೊಡ್ಡ ವಸ್ತು ಒಂದು ಕುರ್ಚಿ. ಬೆನ್ನುನೋವು ಶುರುವಾಗಿತ್ತು. ಸೊಂಟದ ಹತ್ತಿರದ ಆಸರೆ ಮೇಲೆ ಕೆಳಗೆ ಸರಿಯುತ್ತಾ, ತೋಳುಪಟ್ಟಿ ಮೇಜಿನ ಅಡಿ ತೂರುತ್ತಾ ಅಂತ ಪಟ್ಟಿ ಹಿಡಿದು ಅಳತೆ ಮಾಡಿದಳು. ಅಂಗಡಿಯಲ್ಲಿ ಅರ್ಧ ಗಂಟೆ ಅದರ ಮೇಲೆ ಕೂತೇ ಇದ್ದಳು. ಬಣ್ಣ ಯಾವುದು ಅಂತ ಕೇಳಿದರೆ ಈಗಲೂ ನೆನಪು ಮಾಡಿಕೊಳ್ಳಬೇಕು. ಬೂದು ಬಣ್ಣ ಇರಬೇಕು. ಬಟ್ಟೆ ವರ್ಷಕ್ಕೆ ನಾಲ್ಕೈದು, ಆದರೆ ಒಳ್ಳೆಯವು. ಹೆಡ್‌ಫೋನ್ ಮಗನದು.

29ರ 110 ವ್ಯರ್ಥವಾಯಿತಾ?

ಈ ಲೆಕ್ಕ ತೋರಿಸಿದಾಗ ಎಲ್ಲರೂ ಮೊದಲು ಬೊಟ್ಟು ಮಾಡುವುದು ಸೋಫಾ ಕಡೆಗೆ. ಅಷ್ಟು ಸುಲಭ ಅಲ್ಲ. ಫ್ರಾಂಕೊ ಮೋದಿಲ್ಯಾನಿ ಮತ್ತು ರಿಚರ್ಡ್ ಬ್ರಂಬರ್ಗ್ 1954ರಲ್ಲಿ ಮಂಡಿಸಿದ ಜೀವನಚಕ್ರದ ಸಿದ್ಧಾಂತದ ಪ್ರಕಾರ ಜನ ಈ ತಿಂಗಳ ಸಂಬಳ ನೋಡಿ ಖರ್ಚು ಮಾಡುವುದಿಲ್ಲ, ಇಡೀ ಬದುಕಿನ ಗಳಿಕೆ ನೋಡಿ ಮಾಡುತ್ತಾರೆ. ಹಾಗಾದರೆ ಮುಂದೆ ಸಂಬಳ ಏರುತ್ತದೆ ಅಂತ ಗೊತ್ತಿರುವವರು ಎಳೆ ವಯಸ್ಸಿನಲ್ಲಿ ಉಳಿಸದೆ ಇರುವುದು ತಪ್ಪೇ ಅಲ್ಲ. ಪಿಯರ್ ಒಲಿವಿಯೆ ಗುರಿಂಶಾ ಮತ್ತು ಜೊನಾಥನ್ ಪಾರ್ಕರ್ 2002ರಲ್ಲಿ ಅಮೆರಿಕದ ಮನೆಗಳ ಬಗ್ಗೆ ಇದಕ್ಕೆ ಒಂದು ತಿದ್ದುಪಡಿ ಕೊಟ್ಟರು. ಸುಮಾರು 40ರವರೆಗೆ ಜನ ಉಳಿಸುವುದು ಆಪತ್ತಿಗೆ ಬೇಕಾದಷ್ಟು ಮಾತ್ರ. ಆಮೇಲೆಯೇ ನಿವೃತ್ತಿಯ ಉಳಿತಾಯ ಶುರು. ನಮ್ಮ ಮನೆಯ ನಿವೃತ್ತಿ ಖಾತೆಗೂ ಈ ಮಾತು ಹೊಂದುತ್ತದೆ. 36ರ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ.

ಹಾಗಂತ ಬೇರೆ ದಾರಿ ಇರಲಿಲ್ಲವಾ? ಇತ್ತು. 29ರಿಂದ 32ರವರೆಗೆ, ಮೊದಲ ಮಗು ಹುಟ್ಟುವ ತನಕ, ಆ 110ರಲ್ಲಿ ಇನ್ನೂ 40 ತೆಗೆದಿಟ್ಟಿದ್ದರೆ 36 ತಿಂಗಳಿಗೆ 1,440 ಆಗುತ್ತಿತ್ತು. ಬೆಳವಣಿಗೆ ಏನೂ ಸೇರಿಸಿಲ್ಲ. ಆಗಲೂ ತಿಂಗಳಿಗೆ 45 ಮಜಾ ಮಾಡಲು ಉಳಿದಿರುತ್ತಿತ್ತು. ಆ 1,440 ಮನೆ ಸಾಲದಲ್ಲಿ ಕಡಿಮೆ ಆಗಿದ್ದರೆ ಕಂತು ಸುಮಾರು 12 ಇಳಿಯುತ್ತಿತ್ತು. 36ರಲ್ಲಿ 15ರ ಜಾಗದಲ್ಲಿ 27. ಬಿಗಿಯಾದ ಆ ವರ್ಷಗಳು ಅಷ್ಟು ಬಿಗಿಯಾಗಿ ಇರುತ್ತಿರಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಅವರು ಎಡವಿದ್ದು ಪ್ರವಾಸದಲ್ಲೂ ಅಲ್ಲ, ಸೋಫಾದಲ್ಲೂ ಅಲ್ಲ. ಕಂತನ್ನು ಇಬ್ಬರ ಪೂರ್ತಿ ಸಂಬಳಕ್ಕೆ ಅಳತೆ ಮಾಡಿ ಹೊಲಿಸಿದರು. ಕೊಂಡ ವಸ್ತುವಿಗೆ ದುಡ್ಡು ಒಂದೇ ಸಲ ಹೋಗುತ್ತದೆ. ಕಂತು ಹಾಗಲ್ಲ, ಮುಂದಿನ 240 ತಿಂಗಳ ತೀರ್ಮಾನಗಳನ್ನೂ ಅವತ್ತೇ ಮಾಡಿಬಿಡುತ್ತದೆ. ಆಕೆಗೆ ನಡುವಯಸ್ಸಿನಲ್ಲಿ ಕಡಿಮೆ ಆದದ್ದು ಈ ತೀರ್ಮಾನಿಸುವ ಅವಕಾಶವೇ ಹೊರತು ಕೊಳ್ಳುವ ಶಕ್ತಿ ಅಲ್ಲ.

ಆ ಒಂದು ದಿನದ ಬೆಲೆ

ಆಕೆಯ 200ರಲ್ಲಿ ಐದನೇ ಒಂದು ಪಾಲು ಅಂದರೆ 40. ಕೈಯಲ್ಲಿ ಉಳಿಯುವ 40 ಪೂರ್ತಿ ಹೋಯಿತು ಅಂತ ಇಬ್ಬರೂ ಕೈಚೆಲ್ಲಿದ್ದು ಇಲ್ಲಿಯೇ. ಬಿಡಿಸಿ ನೋಡಿದರೆ ಲೆಕ್ಕ ಬೇರೆ. ಆದಾಯ ಏರಿದಂತೆ ತೆರಿಗೆಯ ದರವೂ ಏರುವ ಕಡೆ, ಆದಾಯ ಇಳಿದರೆ ಮೊದಲು ಕಡಿಮೆ ಆಗುವುದು ಜಾಸ್ತಿ ದರದ ತೆರಿಗೆ. ಹಾಗಾಗಿ ಕೈಗೆ ಬರುವ ಸಂಬಳ ಇಳಿಯುವುದು 36. ಸಿದ್ಧ ಊಟ, ಮನೆಬಾಗಿಲಿಗೆ ತಲುಪಿಸುವ ಶುಲ್ಕ, ಕೊನೇ ಗಳಿಗೆಯ ಬಾಡಿಗೆ ಗಾಡಿ, ಹೀಗೆ ಹೊತ್ತಿಲ್ಲದ್ದಕ್ಕೆ ತೆರುತ್ತಿದ್ದ ದಂಡ ಒಂದು ದಿನ ಮನೆಯಲ್ಲಿದ್ದರೆ ತಿಂಗಳಿಗೆ 8 ಉಳಿಯಬಹುದು. ಯಾರೂ ನೋಡದ ಚಂದಾಗಳನ್ನು ನಿಲ್ಲಿಸಿದರೆ 5. ದೊಡ್ಡವನ ಒಂದು ತರಗತಿ ಬಿಟ್ಟರೆ 9. ಇದನ್ನು ಅವನ ಮುಂದೆ ಹೇಗೆ ಹೇಳೋದು ಅಂತ ಇಬ್ಬರೂ ಒದ್ದಾಡುತ್ತಿದ್ದರು. "ಅಮ್ಮಾ, ಅದು ನನಗೆ ಯಾವತ್ತೂ ಬೇಕಿರಲಿಲ್ಲ" ಅಂದ.

ಎಲ್ಲ ಸೇರಿದರೆ 22. ಅಂದರೆ ಆ ದಿನದ ನಿಜವಾದ ಬೆಲೆ ತಿಂಗಳಿಗೆ 14, ಕೈಯಲ್ಲಿ ಉಳಿಯುವುದು 26. ನಿವೃತ್ತಿಯ 35ನ್ನು ಮುಟ್ಟಲಿಲ್ಲ. ಮುಟ್ಟುವ ಆಸೆ ಬಂದಿತ್ತು.

ಲೆಕ್ಕದಲ್ಲಿ ಕಾಣದ ಬೆಲೆಯೂ ಇದೆ. ನಾಲ್ಕು ದಿನದವರಿಗೆ ಬಡ್ತಿ ನಿಧಾನ ಆಗಬಹುದು, ಮುಂದಿನ ಏರಿಕೆಗಳು ಸಣ್ಣ ಸಂಬಳದ ಮೇಲೆ ಬರುತ್ತವೆ. ಆಪತ್ತಿಗೆ ಅಂತ ಇಟ್ಟದ್ದು ಮೂರು ತಿಂಗಳ ಖರ್ಚಿನಷ್ಟು ಮಾತ್ರ. ಆದ್ದರಿಂದ ಒಂದು ವರ್ಷ ತಡೆದರು. ಕೆಲಸ ಐದು ದಿನ, ಸಂಸಾರ ನಾಲ್ಕು ದಿನದ ಸಂಬಳದಲ್ಲಿ. ತಿಂಗಳಿಗೆ 36 ಪಕ್ಕಕ್ಕೆ ಇಟ್ಟರು. ವರ್ಷಕ್ಕೆ 432, ಇನ್ನೊಂದು ತಿಂಗಳ ಖರ್ಚಿಗಿಂತ ಸ್ವಲ್ಪ ಜಾಸ್ತಿ. ಹೊತ್ತು ಉಳಿಯುವ 8ರ ಲಾಭ ಆ ವರ್ಷ ಸಿಗಲಿಲ್ಲ, ಹಾಗಾಗಿ ಕೈಯಲ್ಲಿ 18 ಮಾತ್ರ. ಬಿಗಿಯಾಗಿತ್ತು. ಗಾಡಿ ರಿಪೇರಿಗೆ ಒಮ್ಮೆ ಪಕ್ಕಕ್ಕಿಟ್ಟ ದುಡ್ಡಿಗೂ ಕೈ ಹಾಕಬೇಕಾಯಿತು. ಕೊರತೆ ಅನಿಸಿದ್ದು ಸಣ್ಣ ಪ್ರವಾಸಗಳದ್ದು. ನಿಲ್ಲಿಸಿದ ಚಂದಾಗಳಲ್ಲಿ ಒಂದನ್ನು ಬಿಟ್ಟು ಮಿಕ್ಕವು ಯಾರಿಗೂ ನೆನಪಾಗಲಿಲ್ಲ.

47ಕ್ಕೆ ನಾಲ್ಕು ದಿನದ ಕೆಲಸ ಶುರುವಾಗಿದೆ. ಗಾಡಿಯ 28ರಲ್ಲಿ 11 ಸಾಲದ ಕಂತು, ಅದು ಇನ್ನು ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. ಆ 11ಕ್ಕೆ ಈಗಲೇ ಇಬ್ಬರು ವಾರಸುದಾರರು. ರಿಪೇರಿಗೆ ಸುರಿಯುವ ಬದಲು ಹೊಸ ಗಾಡಿ ತರೋಣ ಅನ್ನೋದು ಗಂಡನ ವಾದ. ಅದನ್ನು ಮನೆ ಸಾಲಕ್ಕೆ ಸೇರಿಸಿ ಕಟ್ಟಿದರೆ ಸಾಲ ಸುಮಾರು ಎರಡು ವರ್ಷ ಮೊದಲೇ ತೀರುತ್ತದೆ ಅಂತ ಆಕೆ ಲೆಕ್ಕ ಹಾಕಿ ತೋರಿಸಿದ್ದಾಳೆ. ಗಂಡ ಲೆಕ್ಕ ಒಪ್ಪಿದ್ದಾನೆ, ತೀರ್ಮಾನವನ್ನು ಇನ್ನೂ ಒಪ್ಪಿಲ್ಲ.